ರೋಗಿಯ ಚೀಟಿ ರೋಗಿಯ ಕೈಯಲ್ಲಿರಲಿ



ಈಚೆಗೆ ನಿಮ್ಮಲ್ಲಿ ಅನೇಕರು ದೂರವಾಣಿಯಲ್ಲಿಯೂ ಮಿಂಚಂಚೆಯಲ್ಲಿಯೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: “ಮಾಸ್ಟ್ರೇ, ಆಸ್ಪತ್ರೆಗೆ ಹೋದರೆ ಆಭಾ ಸಂಖ್ಯೆ ಮಾಡಿಸಿಕೊಳ್ಳಿ ಅನ್ನುತ್ತಾರೆ. ಮಾಡಿಸಬಹುದೋ, ಮಾಡಿಸಬಾರದೋ?” ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೆ ಗಣಕಯಂತ್ರದ ಒಳಗುಟ್ಟು ತಿಳಿಯದು. ಆದರೆ ದಾಖಲೆ ಎಂದರೇನು, ಅದನ್ನು ಕಾಪಾಡುವ ಕ್ರಮ ಯಾವುದು, ಅದು ಯಾರಿಗೆ ಸೇರಿದ್ದು ಎಂಬುದು ಶಾಲೆಯ ಮೇಷ್ಟ್ರಿಗೆ ಚೆನ್ನಾಗಿಯೇ ಗೊತ್ತು. ಆದ್ದರಿಂದ ಈ ಲೇಖನ. ಸಂಖ್ಯೆ ಮಾಡಿಸಬೇಕೇ ಬೇಡವೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ: ನನ್ನ ಕಾಯಿಲೆಯ ದಾಖಲೆ ಯಾರದು? ಅದು ರೋಗಿಯದು. ಅದನ್ನು ಅವನ ಕೈಗೆ, ಅವನಿಗೆ ಓದಲು ಬರುವ ಭಾಷೆಯಲ್ಲಿ ಕೊಡದ ಯಾವ ವ್ಯವಸ್ಥೆಯೂ, ಎಷ್ಟೇ ನವೀನವಾಗಿರಲಿ, ನ್ಯಾಯದ ವ್ಯವಸ್ಥೆಯಲ್ಲ ಎಂಬುದು ನನ್ನ ವಾದ.

ಶಾಲೆಯ ದಾಖಲಾತಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಆ ದಪ್ಪ ರಟ್ಟಿನ ಪುಸ್ತಕ ಶಾಶ್ವತ ದಾಖಲೆ. ಒಮ್ಮೆ ಬರೆದುದನ್ನು ಅಳಿಸುವಂತಿರಲಿಲ್ಲ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಮುಖ್ಯೋಪಾಧ್ಯಾಯರು ದಿನಾಂಕ ಸಹಿತ ರುಜು ಹಾಕಬೇಕಿತ್ತು. ಹಳೆಯದೂ ಕಾಣಬೇಕು, ಹೊಸದೂ ಕಾಣಬೇಕು, ತಿದ್ದಿದವರು ಯಾರೆಂಬುದೂ ತಿಳಿಯಬೇಕು. ಮಗು ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಮಗುವಿನ ತಂದೆಯ ಕೈಗೆ ಹೋಗುತ್ತಿತ್ತು. ಇಂದಿಗೂ ಜನನ ದಿನಾಂಕದ ತಕರಾರಿಗೆ ಊರಿನ ಹಿರಿಯರು ಹಳೆಯ ಶಾಲೆಯ ಬಾಗಿಲಿಗೆ ಬರುತ್ತಾರೆ, ಐವತ್ತು ವರ್ಷದ ಹಿಂದಿನ ಪುಟ ತೆರೆಯುತ್ತದೆ. ಗೆದ್ದಲಿನಿಂದಲೂ ಮಳೆಗಾಲದ ಥಂಡಿಯಿಂದಲೂ ಅದನ್ನು ಉಳಿಸಿದ್ದು ಯಾವ ಯಂತ್ರವೂ ಅಲ್ಲ, ಒಂದು ನಿಯಮ ಮತ್ತು ಆ ನಿಯಮವನ್ನು ಪಾಲಿಸಿದ ಬಡ ಮೇಷ್ಟ್ರುಗಳು. ಮಗುವಿನ ಜನನ ದಿನಾಂಕಕ್ಕೆ ಇಷ್ಟು ಗೌರವ ಕೊಡುವ ನಾಡಿನಲ್ಲಿ ಅದೇ ಮಗುವಿನ ಕಾಯಿಲೆಯ ದಾಖಲೆಗೆ ಎಷ್ಟು ಗೌರವವಿದೆ?

ಇದು ಬರಿಯ ತತ್ತ್ವದ ಮಾತಲ್ಲ. ದಾಖಲೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಷ್ಟು ಕಹಿಯಾದ ಸಾಕ್ಷಿ ಬೇರೆಲ್ಲಿಯೂ ಸಿಗಲಾರದು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕತೆ ನಿಮಗೆಲ್ಲ ಗೊತ್ತು. ಗಡಿಯಾಚೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳಲ್ಲಿ, ಗಡಿಯೀಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ, ೨೦೦೦ನೆಯ ಇಸವಿಯವರೆಗೂ ಆ ವಿಷ ಬಾನಿನಿಂದ ಬಿತ್ತು. ಪುತ್ತೂರಿನಿಂದ ಗಡಿ ದಾಟಿದರೆ ಸಿಗುವ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಮೊದಲು ಬರೆದು ಎಚ್ಚರಿಸಿದವರು ಪತ್ರಕರ್ತ ಶ್ರೀ ಪಡ್ರೆಯವರು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಮೂಲಕ ಅವರನ್ನು ಅರಿಯದ ಕೃಷಿಕರು ನಮ್ಮಲ್ಲಿಲ್ಲ. ಅದೇ ಊರಿನಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರರು ಮನೋವೈಕಲ್ಯ, ಅಪಸ್ಮಾರ, ಅರ್ಬುದ ಇತ್ಯಾದಿ ವ್ಯಾಧಿಗಳು ಒಂದೇ ಪ್ರದೇಶದ ಮನೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿ, ಅದನ್ನು ಲೋಕದ ಮುಂದಿಟ್ಟರು. ಅವರಿಗೆ ದೊಡ್ಡ ಯಂತ್ರವಿರಲಿಲ್ಲ. ಇಂಥ ಮನೆಯ ಇಂಥವರಿಗೆ ಇಂಥ ಕಾಯಿಲೆ ಎಂಬ ಅರಿವು ಒಂದೆಡೆ ಕೂಡಿತ್ತು, ಅಷ್ಟೇ. ಆ ಅರಿವೇ ಮುಂದೆ ಸರಕಾರಗಳನ್ನೂ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳನ್ನೂ ಆ ಗ್ರಾಮದತ್ತ ತಿರುಗಿಸಿತು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಆ ಕೀಟನಾಶಕಕ್ಕೆ ತಡೆ ಹಾಕಿತು.

ಇನ್ನು ದಾಖಲೆ ಇಲ್ಲದವರ ಕತೆ. ಬೆಳ್ತಂಗಡಿಯ ಕೊಕ್ಕಡದಲ್ಲಿ, ಈಗ ಕಡಬ ತಾಲೂಕಿಗೆ ಸೇರಿರುವ ಕೊಯಿಲದಲ್ಲಿ ಸಂತ್ರಸ್ತರಿಗಾಗಿ ಪಾಲನಾ ಕೇಂದ್ರಗಳು ತೆರೆದುವು. ಮಾಸಾಶನವೂ ಬಂತು. ಆದರೆ ಅದು ಅಂಗವೈಕಲ್ಯದ ಶೇಕಡಾವಾರು ಪ್ರಮಾಣವನ್ನು ಅನುಸರಿಸಿ ಬರುವಂಥದು. ವೈದ್ಯರು ಬರೆದ ಒಂದು ಅಂಕೆಯಿಂದ ಒಂದು ಮನೆಯ ತಿಂಗಳ ಅಕ್ಕಿ ನಿರ್ಧಾರವಾಗುತ್ತದೆ. ಆ ಅಂಕೆಯನ್ನು ಪ್ರಶ್ನಿಸಬೇಕಾದರೆ ಹಳೆಯ ಚೀಟಿ ಬೇಕು. ಮಗು ಹುಟ್ಟಿದಾಗ ವೈದ್ಯರು ಏನು ಬರೆದರು? ಮೊದಲ ಬಾರಿಗೆ ಸೆಳವು ಬಂದದ್ದು ಯಾವ ವರ್ಷ? ಮೂವತ್ತು ವರ್ಷ ಕಳೆದ ಮೇಲೆ ಆ ತಾಯಿ ಎಲ್ಲಿಂದ ತಂದಾಳು? ಸೋರುವ ಮಾಡಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ನಾಲ್ಕು ಕಾಗದಗಳೇ ಅವಳ ಆಸ್ತಿ.

ಕಾನೂನು ಈ ತಾಯಿಗೆ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಡತೆ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ೩ ವರ್ಷ ಕಾದಿಟ್ಟರೆ ಸಾಕು. ೨೦೨೩ರಲ್ಲಿ ಹೊಸ ನಿಯಮಾವಳಿಯೊಂದು ಪ್ರಕಟವಾಯಿತಾದರೂ ಅದೇ ಆಗಸ್ಟ್ ತಿಂಗಳಲ್ಲಿ ಅದನ್ನು ತಡೆಹಿಡಿಯಲಾಯಿತು, ಹಳೆಯದೇ ಮುಂದುವರಿಯಿತು. ಇಪ್ಪತ್ತು ವರ್ಷಗಳ ಬಳಿಕ ತಲೆಯೆತ್ತುವ ಕಾಯಿಲೆ, ಮೂರು ವರ್ಷಕ್ಕೆ ಮುಗಿಯುವ ದಾಖಲೆ! ಇನ್ನೊಂದೆಡೆ, ಕೇಂದ್ರ ಆರೋಗ್ಯ ಸಚಿವಾಲಯವೇ ೨೦೧೬ರಲ್ಲಿ ಹೊರಡಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡ ಬೇರೆಯೇ ಮಾತನ್ನಾಡುತ್ತದೆ. ಮಾಹಿತಿಯ ಒಡೆಯ ರೋಗಿ, ಆಸ್ಪತ್ರೆ ಅದನ್ನು ಅವನ ಪರವಾಗಿ ನಂಬಿಕೆಯಿಂದ ಇಟ್ಟುಕೊಂಡಿರುವ ಪಾಲಕ ಮಾತ್ರ, ಆ ವ್ಯಕ್ತಿ ಬದುಕಿರುವವರೆಗೂ ದಾಖಲೆಯನ್ನು ನಾಶಮಾಡುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಸಾರುತ್ತದೆ. ಎಷ್ಟು ಸೊಗಸಾದ ಮಾತು! ಆದರೆ ಅದು ಮಾನದಂಡ, ದಂಡನೆಯಿಲ್ಲದ ಉಪದೇಶ. ಪಾಲಿಸಿದವರಿಗೆ ಪುಣ್ಯ, ಪಾಲಿಸದವರಿಗೆ ಪಾಪವೂ ಇಲ್ಲ.

ಇದರ ಫಲವನ್ನು ನಮ್ಮ ಮನೆಯೂ ಉಂಡಿದೆ. ನನ್ನ ಮಡದಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಂಡವಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ದೋಷ ಒಂದೇ ಕಡೆಯದಲ್ಲ. ಒಂದು ದಿನ ಅಲ್ಲಿ ತಂತ್ರಾಂಶ ಬದಲಾಯಿತು. ಗಾಜಿನ ಹಿಂದೆ ಕುಳಿತ ಹುಡುಗಿ ಹಳೆಯ ಸಂಖ್ಯೆಯನ್ನು ಒತ್ತಿ ನೋಡಿ, “ಹಳೆ ಸಿಸ್ಟಮ್‌ನಲ್ಲಿ ಇತ್ತು ಸರ್, ಹೊಸತಕ್ಕೆ ಬರಲಿಲ್ಲ” ಎಂದಳು. ಅವಳ ದನಿಯಲ್ಲಿ ಮರುಕವಿತ್ತು, ಪಾಪ. ಹೊಸ ಸಂಖ್ಯೆ, ಹೊಸ ಕಡತ. ನನ್ನ ಮಡದಿ ಅಂದು ಮೊದಲ ಬಾರಿಗೆ ಬಂದ ರೋಗಿಯಾದಳು. ಮೂತ್ರಪಿಂಡದ ಪರೀಕ್ಷೆಯ ಅಂಕೆ ಹನ್ನೊಂದು ವರ್ಷಗಳಲ್ಲಿ ಹೇಗೆ ಏರುತ್ತ ಬಂತು ಎಂಬುದು ವೈದ್ಯರಿಗೆ ಬೇಕಾಗಿತ್ತು. ಅದನ್ನು ತೋರಿಸಿದ್ದು ಆಕೆ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ ಕಾಗದದ ಚೂರುಗಳು. ಶಾಲೆಯ ಕಟ್ಟಡಕ್ಕೆ ಸುಣ್ಣ ಬಳಿಯುವಾಗ ದಾಖಲಾತಿ ಪುಸ್ತಕವನ್ನು ಯಾರಾದರೂ ಹೊರಗೆಸೆದಿದ್ದರೆ ವಿಚಾರಣೆಯೇ ನಡೆಯುತ್ತಿತ್ತು. ತಂತ್ರಾಂಶ ನವೀಕರಿಸುವಾಗ ಒಂದೂರಿನ ಆರೋಗ್ಯದ ಇತಿಹಾಸವೇ ಕಳೆದುಹೋದರೆ ‘ತಾಂತ್ರಿಕ ಕಾರಣ’ ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ.

ಆಭಾ ಸಂಖ್ಯೆಯ ವಿಷಯಕ್ಕೆ ಈಗ ಬರುತ್ತೇನೆ. ೨೦೨೧ರ ಸೆಪ್ಟೆಂಬರ್ ೨೭ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನದಲ್ಲಿ ಪ್ರತಿಯೊಬ್ಬರಿಗೂ ೧೪ ಅಂಕೆಗಳ ಈ ಸಂಖ್ಯೆ ದೊರೆಯುತ್ತದೆ. ನಮ್ಮ ದಾಖಲೆಗಳೆಲ್ಲ ದೆಹಲಿಯ ಒಂದು ಪೆಟ್ಟಿಗೆಗೆ ಹೋಗಿ ಬೀಳುತ್ತವೆ ಎಂದು ಕೆಲವರು ಹೆದರಿದ್ದೀರಿ. ಆ ವ್ಯವಸ್ಥೆಯ ರಚನೆ ಹಾಗಿಲ್ಲ. ದಾಖಲೆ ಆಯಾ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ. ನಾವು ಒಪ್ಪಿಗೆ ಕೊಟ್ಟಾಗ ಇನ್ನೊಂದು ಆಸ್ಪತ್ರೆ ಅದನ್ನು ತರಿಸಿಕೊಳ್ಳಬಹುದು. ಗುತ್ತಿಗಾರಿನಿಂದಲೋ ಸುಬ್ರಹ್ಮಣ್ಯದಿಂದಲೋ ಪ್ರಜ್ಞೆ ತಪ್ಪಿದವನನ್ನು ಅರ್ಧರಾತ್ರಿ ಮಂಗಳೂರಿನ ವೆನ್ಲಾಕಿಗೆ ಕೊಂಡೊಯ್ಯುವಾಗ ಅವನಿಗೆ ಯಾವ ಮದ್ದು ಒಗ್ಗದು ಎಂಬುದು ಅಲ್ಲಿಯ ವೈದ್ಯರಿಗೆ ತಿಳಿಯುವಂತಾದರೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ಆದರೆ ರಚನೆಯಲ್ಲಿಯೇ ಇನ್ನೊಂದು ಸತ್ಯವೂ ಅಡಗಿದೆ. ದಾಖಲೆ ಆಸ್ಪತ್ರೆಯಲ್ಲಿಯೇ ಉಳಿಯುವುದಾದರೆ, ಆಸ್ಪತ್ರೆ ಕಳೆದುಕೊಂಡುದನ್ನು ಆಭಾ ಸಂಖ್ಯೆ ಹುಡುಕಿಕೊಡಲಾರದು. ಬೀಗದ ಕೈ ನಮ್ಮಲ್ಲಿದೆ, ಕಪಾಟು ಮಾತ್ರ ಬರಿದು.

ಅದಂತಿರಲಿ, ಆ ಒಪ್ಪಿಗೆ ಎಂಬುದನ್ನು ಹೇಗೆ ಪಡೆಯುತ್ತಾರೆ? ಈ ಅಭಿಯಾನ ಐಚ್ಛಿಕ ಎಂದು ಅದರ ೨೦೨೦ರ ಆರೋಗ್ಯ ದತ್ತಾಂಶ ನೀತಿಯೇ ಹೇಳುತ್ತದೆ. ಸಂಖ್ಯೆ ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ಸರತಿ ಸಾಲಿನಲ್ಲಿ ನಿಂತ ಮುದುಕಿಗೆ ಕೇಳಿಸುವುದು ಇಷ್ಟೇ: “ಅಜ್ಜೀ, ಮೊಬೈಲಿಗೆ ಒ.ಟಿ.ಪಿ. ಬಂದಿದೆ, ಹೇಳಿ.” ಬ್ಯಾಂಕಿನವರು ‘ಯಾರಿಗೂ ಹೇಳಬೇಡಿ’ ಎಂದು ಎಚ್ಚರಿಸುವ ಆ ಆರಂಕಿಯನ್ನು ಅವಳು ಹತ್ತು ಜನರ ನಡುವೆ ಗಟ್ಟಿಯಾಗಿ ಹೇಳುತ್ತಾಳೆ. ಅದು ಒಪ್ಪಿಗೆಯಾಯಿತು! ತರಗತಿಯಲ್ಲಿ “ಅರ್ಥವಾಯಿತೇ?” ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಬರುತ್ತಿದ್ದ “ಆಯ್ತು ಸಾರ್” ಎಂಬ ರಾಗ ನಿಮಗೆ ನೆನಪಿರಬಹುದು. ಅದನ್ನು ಒಪ್ಪಿಗೆ ಎಂದು ನಂಬುವ ಮೇಷ್ಟ್ರು ಪರೀಕ್ಷೆಯ ದಿನ ಬುದ್ಧಿ ಕಲಿಯುತ್ತಾನೆ.

೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಈ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನಾಡಿದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಅದಕ್ಕಿಂತ ಮುಖ್ಯವಾಗಿ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಜನರಿಗೆ ಕೊಡಲೇಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ. ಆದರೆ ಇದರ ನಿಯಮಗಳು ಪ್ರಕಟವಾದುದು ೨೦೨೫ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ೧೮ ತಿಂಗಳ ಗಡುವು. ಇನ್ನೊಂದು ಕೊರತೆಯನ್ನೂ ಗಮನಿಸಿ. ೨೦೧೧ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿಯೇ ಎಣಿಸಿದ್ದುವು. ಹೊಸ ಕಾಯಿದೆಯಲ್ಲಿ ಆ ಪ್ರತ್ಯೇಕ ವರ್ಗವೇ ಇಲ್ಲ. ಆರೋಗ್ಯ ಮಾಹಿತಿಗೆಂದೇ ೨೦೧೮ರಲ್ಲಿ ಸಿದ್ಧವಾಗಿದ್ದ ಮಸೂದೆಯ ಕರಡು ಕಾಯಿದೆಯಾಗಲೇ ಇಲ್ಲ. ನನ್ನ ಚಪ್ಪಲಿಯ ಅಳತೆಗೂ ನನ್ನ ಮನೋವ್ಯಾಧಿಯ ಮದ್ದಿಗೂ ಕಾಯಿದೆಯ ಕಣ್ಣಿನಲ್ಲಿ ಒಂದೇ ತೂಕ.

“ಮುಚ್ಚಿಡಲು ನಮ್ಮಲ್ಲೇನಿದೆ ಮಾಸ್ಟ್ರೇ?” ಎಂದು ಕೆಲವರು ನಗುತ್ತೀರಿ. ಸಂಬಂಧ ಕುದುರಿಸುವ ಮುನ್ನ ಆ ಮನೆಯಲ್ಲಿ ಯಾರಿಗೆ ತಲೆ ಸರಿಯಿರಲಿಲ್ಲ, ಯಾರಿಗೆ ಮೂರ್ಛೆ ಬರುತ್ತಿತ್ತು ಎಂದು ಮೂರು ಊರುಗಳಲ್ಲಿ ವಿಚಾರಿಸುವ ಸೀಮೆ ನಮ್ಮದು! ಇಲ್ಲಿ ಕಾಯಿಲೆಯ ಗುಟ್ಟು ಒಡೆದರೆ ಒಡೆಯುವುದು ಒಂದು ಮದುವೆ, ಒಂದು ಕೆಲಸ, ಒಂದು ಮನೆಯ ಮಾನ. ಯಂತ್ರದ ಬಾಗಿಲು ಭದ್ರವೆಂಬ ಭರವಸೆಯೂ ಇಲ್ಲ. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಜಾಲವನ್ನೇ ಕಳ್ಳರು ಹಿಡಿದುಹಾಕಿದರು. ದೇಶದ ಅತಿದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಪೆನ್ನು ಕಾಗದ ಹಿಡಿದು ಕೆಲಸ ಮಾಡಬೇಕಾಯಿತು. ೨೦೨೦ರಲ್ಲಿ ಫಿನ್ಲೆಂಡಿನ ವಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಕದ್ದವನು ಒಬ್ಬೊಬ್ಬ ರೋಗಿಗೂ ಪತ್ರ ಬರೆದು ಹಣ ಕೇಳಿದ. ದೆಹಲಿಗೂ ಫಿನ್ಲೆಂಡಿಗೂ ಆಗದ್ದು ನಮ್ಮ ತಾಲೂಕಿನ ಆಸ್ಪತ್ರೆಗೆ ಆದೀತೇ? ಕಾಗದದ ಪ್ರತಿಯೊಂದು ಕೈಯಲ್ಲಿದ್ದರೆ ಯಂತ್ರ ನಿಂತ ದಿನವೂ ಚಿಕಿತ್ಸೆ ನಿಲ್ಲದು.

ಭಾಷೆಯ ಮಾತು ಎತ್ತಿದ ಕೂಡಲೇ “ವೈದ್ಯಶಾಸ್ತ್ರ ಕನ್ನಡದಲ್ಲಿ ಆಗುವ ಹೋಗುವ ಕೆಲಸವಲ್ಲ” ಎನ್ನುವವರಿದ್ದಾರೆ. ೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿ ನಮ್ಮ ಸುಳ್ಯ ತಾಲೂಕಿನವರೇ ಆದ ಪುರುಷೋತ್ತಮ ಬಿಳಿಮಲೆಯವರು ಔಷಧಿ ಚೀಟಿ ಕನ್ನಡದಲ್ಲಿರಬೇಕೆಂದು ಆರೋಗ್ಯ ಸಚಿವರಿಗೆ ಬರೆದಾಗಲೂ ಇದೇ ಆಕ್ಷೇಪ ಬಂತು. ಮದ್ದಿನ ಹೆಸರನ್ನು ಅನುವಾದಿಸಿ ಎಂದು ನಾನು ಕೇಳುವುದಿಲ್ಲ. ಔಷಧಿ ಅಂಗಡಿಯವನಿಗೆ ಗೊಂದಲವಾಗಬಾರದು, ಅದು ಹೇಗಿದೆಯೋ ಹಾಗೆಯೇ ಇರಲಿ. ಏನು ಕಾಯಿಲೆ, ಏನು ಚಿಕಿತ್ಸೆ ಮಾಡಿದೆವು, ಯಾವ ಮದ್ದು ಎಷ್ಟು ದಿನ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂಬ ಹತ್ತು ಸಾಲುಗಳು ಡಿಸ್ಚಾರ್ಜ್ ಚೀಟಿಯ ಜತೆಗೆ ಕನ್ನಡದಲ್ಲಿರಲಿ ಎನ್ನುತ್ತೇನೆ. ಇದು ಅಸಾಧ್ಯವೇ? ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾಯರು ಗಣಕಯಂತ್ರಕ್ಕೆ ಕನ್ನಡದ ಕೀಲಿಮಣೆಯನ್ನು ವಿನ್ಯಾಸಗೊಳಿಸಿ ದಶಕಗಳೇ ಕಳೆದುವು. ‘ಭೂಮಿ’ ಯೋಜನೆಯಲ್ಲಿ ಇದೇ ಕರ್ನಾಟಕ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು; ಪಹಣಿ ಇಂದಿಗೂ ಕನ್ನಡದಲ್ಲಿಯೇ ಅಚ್ಚಾಗಿ ರೈತನ ಕೈಗೆ ಬರುತ್ತದೆ. ಅಡಿಕೆ ತೋಟದ ವಿವರ ಕನ್ನಡದಲ್ಲಿ ಬರಬಹುದಾದರೆ ಆ ತೋಟದ ಒಡೆಯನ ಎದೆಯ ವಿವರ ಯಾಕೆ ಬರಬಾರದು?

ಇನ್ನೂ ಹತ್ತಿರದ ಉದಾಹರಣೆ ಪ್ರತಿ ಮನೆಯಲ್ಲೂ ಇದೆ: ತಾಯಿ ಕಾರ್ಡು. ಬಸುರಿಯ ತೂಕ, ರಕ್ತದ ಒತ್ತಡ, ಮಗುವಿನ ಚುಚ್ಚುಮದ್ದಿನ ದಿನಾಂಕ ಎಲ್ಲವೂ ಕನ್ನಡದ ನಮೂನೆಯಲ್ಲಿ, ಕಾಗದದ ಮೇಲೆ, ತಾಯಿಯ ಕೈಯಲ್ಲಿ. ಅವಳು ಗಂಡನ ಮನೆಯಲ್ಲಿರಲಿ, ತವರಿಗೆ ಬರಲಿ, ಕಾರ್ಡು ಜತೆಗೇ ಬರುತ್ತದೆ. ಅದೇ ವಿವರ ಗಣಕಕ್ಕೂ ಹೋಗುತ್ತದೆ. ಒಂದು ಇನ್ನೊಂದಕ್ಕೆ ಅಡ್ಡಿಯಾಗಿಲ್ಲ. ನಾನು ಬೇಡುತ್ತಿರುವುದು ಹೊಸದೇನನ್ನೂ ಅಲ್ಲ. ಬಸುರಿಗೆ ಸಲ್ಲುವ ಮರ್ಯಾದೆ ಎಲ್ಲ ರೋಗಿಗಳಿಗೂ ಸಲ್ಲಲಿ.

“ಸಿಬ್ಬಂದಿಗೆ ಪುರುಸೊತ್ತೆಲ್ಲಿದೆ?” ಎಂಬ ಮಾತು ಮಾತ್ರ ನಿಜವಾದ ಮಾತು. ನನ್ನ ಶಿಷ್ಯೆಯರಲ್ಲಿ ದಾದಿಯರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ತಮ್ಮ ಪ್ರೋತ್ಸಾಹಧನವನ್ನು ಆರ್.ಸಿ.ಎಚ್. ಪೋರ್ಟಲಿನ ನಮೂದಿಗೆ ಗಂಟು ಹಾಕಿದ್ದರ ವಿರುದ್ಧ ಈ ರಾಜ್ಯದ ಆಶಾ ಕಾರ್ಯಕರ್ತೆಯರು ಬೀದಿಗಿಳಿದು ಮುಷ್ಕರ ಮಾಡಿದರು. ಗುಡ್ಡ ಹತ್ತಿ ಇಳಿದು ದುಡಿದವಳ ಕೂಲಿ ಜಾಲ ಸಿಗದ ಮೊಬೈಲಿನಲ್ಲಿ ಸಿಕ್ಕಿಕೊಂಡರೆ ತಪ್ಪು ಯಾರದು? ೨೦೨೦ರಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಮಳೆಯಲ್ಲಿ ಗುಡ್ಡದ ನೆತ್ತಿಯ ಮೇಲೆ ಕೊಡೆ ಹಿಡಿದು ಕುಳಿತದ್ದನ್ನು ಮರೆತಿರಾ? ಅಂಥ ಊರಿನಲ್ಲಿ ದಾಖಲೆ ಜಾಲದಲ್ಲಿ ಮಾತ್ರ ಇದ್ದರೆ, ಅದು ಇಲ್ಲದ್ದಕ್ಕೆ ಸಮ. ಒಂದೇ ವಿವರವನ್ನು ಮೂರು ಪುಸ್ತಕ, ಎರಡು ಆ್ಯಪ್‌ಗಳಲ್ಲಿ ತುಂಬಿಸುವ ಬದಲು ಒಮ್ಮೆ ತುಂಬಿದ್ದು ಎಲ್ಲ ಕಡೆಗೂ ಸಲ್ಲುವಂತೆ ಮಾಡಿದರೆ ಆ ಹತ್ತು ಸಾಲು ಕನ್ನಡಕ್ಕೆ ಪುರುಸೊತ್ತು ತಾನಾಗಿ ಸಿಗುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮಾತು. ಬೆಂಗಳೂರಿನಲ್ಲಿ, ಕಡಲಾಚೆಯಲ್ಲಿ ತಂತ್ರಾಂಶ ಬರೆಯುತ್ತಿರುವ ಮಕ್ಕಳೇ, ಹೊಸ ಆವೃತ್ತಿ ಹೊರಡಿಸುವ ಮುನ್ನ ಹಳೆಯ ದಾಖಲೆಗಳನ್ನು ಎಣಿಸಿ. ಹೊಸದರಲ್ಲಿ ಅಷ್ಟೇ ಇವೆಯೇ ನೋಡಿ, ಇಲ್ಲದಿದ್ದರೆ ಹೊರಡಿಸಬೇಡಿ. ತಿದ್ದಿದ್ದು ಕೆಂಪು ಶಾಯಿಯಂತೆ ಕಾಣಲಿ. ವೈದ್ಯರಾದವರೇ, ಆಸ್ಪತ್ರೆ ನಡೆಸುವವರೇ, ೩ ವರ್ಷ ಎಂಬುದು ಕನಿಷ್ಠ ಮಿತಿ, ಆಮೇಲೆ ಸುಟ್ಟುಹಾಕಿ ಎಂಬ ಅಪ್ಪಣೆಯಲ್ಲ. ಮಾಹಿತಿಯ ರಕ್ಷಣೆಯಲ್ಲಿ ತಪ್ಪಿದರೆ ೨೫೦ ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಹೊಸ ಕಾಯಿದೆ ಹೇಳುತ್ತದೆ. ದಂಡದ ಭಯಕ್ಕಿಂತ ಕೊಯಿಲದ ಆ ಮಕ್ಕಳ ನೆನಪು ನಿಮ್ಮನ್ನು ಎಚ್ಚರವಾಗಿಟ್ಟರೆ ನನಗೆ ಹೆಚ್ಚು ಸಂತೋಷ.

ಉಳಿದ ನಾವೆಲ್ಲ ಇಂದಲ್ಲ ನಾಳೆ ರೋಗಿಗಳೇ. ನಮಗೊಂದು ಹಕ್ಕಿದೆ. ಅದೇ ೨೦೦೨ರ ನಿಯಮಾವಳಿಯ ಪ್ರಕಾರ ರೋಗಿಯೋ ಅವನ ಅಧಿಕೃತ ಸಹಾಯಕನೋ ಕೇಳಿದ ೭೨ ಗಂಟೆಗಳೊಳಗೆ ದಾಖಲೆಯ ಪ್ರತಿಯನ್ನು ಕೊಡಬೇಕು. ಡಿಸ್ಚಾರ್ಜ್ ಆಗುವ ದಿನವೇ ಒಂದು ಅರ್ಜಿ ಬರೆದುಕೊಡಿ, ಅದರ ನಕಲಿಗೆ ಸ್ವೀಕೃತಿಯ ರುಜು ಹಾಕಿಸಿಕೊಳ್ಳಿ. ಅರ್ಜಿ ಬರೆಯುವುದನ್ನು ಏಳನೆಯ ತರಗತಿಯಲ್ಲಿ ನಿಮಗೆ ಕಲಿಸಿದ್ದೇನೆ. ‘ಇಂದ’, ‘ಗೆ’, ‘ವಿಷಯ’ ಮರೆತಿರಲಾರಿರಿ. ಆಭಾ ಸಂಖ್ಯೆ ಬೇಕೆನಿಸಿದರೆ ಮಾಡಿಸಿಕೊಳ್ಳಿ, ಆದರೆ “ಇದು ಯಾತಕ್ಕೆ? ಕನ್ನಡದಲ್ಲಿ ತೋರಿಸಿ” ಎಂದು ಕೇಳಿದ ಮೇಲೆಯೇ ಆರಂಕಿ ಹೇಳಿ. ಮನೆಯಲ್ಲಿ ಭೂಮಿಯ ಪತ್ರಗಳ ಪಕ್ಕದಲ್ಲಿ ದೇಹದ ಪತ್ರಗಳಿಗೂ ಒಂದು ಫೈಲು ಇರಲಿ. ಹಿರಿಯರದ್ದನ್ನು ಕಿರಿಯರು ಜೋಡಿಸಿಕೊಡಲಿ. ಮುಂದಿನ ಬಾರಿ ದೂರವಾಣಿ ಮಾಡಿದಾಗ ನಿಮ್ಮ ಆರೋಗ್ಯ ವಿಚಾರಿಸುವ ಮೊದಲು ನಾನು ಆ ಫೈಲಿನ ವಿಚಾರ ಕೇಳುತ್ತೇನೆ. ಉತ್ತರ ಸಿದ್ಧವಾಗಿಟ್ಟುಕೊಳ್ಳಿ.